ಟವೆಲ್ಲಿಗೆ ಸೀಟು ಸಿಕ್ಕಿತು

ಓದಿದ್ದು ಪರೀಕ್ಷೆ ಬಿಟ್ಟು ಉಳಿದೆಲ್ಲ ಕಡೆ ನೆನಪಾಗುವುದು ನನ್ನ ಹಣೆಬರಹ. ಎಂಬತ್ತರ ದಶಕದಲ್ಲಿ ಇಂಜಿನಿಯರಿಂಗ್ ಓದುವಾಗ, ಕಂಪ್ಯೂಟರಿನಲ್ಲಿ ಹಲವು ಕೆಲಸಗಳನ್ನು ಒಟ್ಟಿಗೆ ನಡೆಸುವ ಪ್ರೋಗ್ರಾಮು ಬರೆಯುವ ಪಾಠವೊಂದಿತ್ತು. ಅದರ ಲ್ಯಾಬ್ ಪರೀಕ್ಷೆಯಲ್ಲಿ ಒಮ್ಮೆ ಡುಮ್ಕಿ ಹೊಡೆದಿದ್ದೆ. "ಈ ಸಲನೂ ಹೋತಂದ್ರ ಸೀದಾ ನಮ್ಮ ಎಣ್ಣಿ ಮಿಲ್ಲಿಗೆ ಬಾ" ಎಂದು ಕೂಡ್ಲಿಗಿಯಲ್ಲಿ ಅಪ್ಪ ಹೇಳಿಬಿಟ್ಟಿದ್ದರು.

ಇಲ್ಲದ ಊರು

ಲ್ಯಾಬಿನಲ್ಲಿ ಮೊದಲ ಸಲ ಎರಡು ಕೆಲಸ ಒಟ್ಟಿಗೆ ಓಡಿಸಿದೆ. ಒಂದು 'ಕೂಡ್ಲಿಗಿ' ಎಂದು ಅಚ್ಚು ಹಾಕಬೇಕು, ಇನ್ನೊಂದು 'ಕೊಟ್ಟೂರು' ಎಂದು. ಒಂದರ ನಡುವೆ ಇನ್ನೊಂದು ಬಾಯಿ ಹಾಕಿ, ಇಂಗ್ಲಿಷ್ ಅಕ್ಷರದಲ್ಲಿ 'ಕೂಕೊಡ್ಲಿಟ್ಟೂಗಿರು' ಎಂದು ಬಂತು.

"ಈ ಊರಿಗೆ ಬಸ್ ಎಲ್ಲಿಂದ ಬಿಡ್ತಾರಪಾ?" ಎಂದರು ಮೇಷ್ಟ್ರು. ಒಂದು ಮುಗಿಯುವ ತನಕ ಇನ್ನೊಂದು ಬಾರದಂತೆ ಲಾಕ್ ಹಾಕು ಎಂದರು. ಹಾಕಿದೆ. ತೆಗೆಯುವುದನ್ನು ಮರೆತೆ. ಕೂಡ್ಲಿಗಿ ಬಂತು, ಕೊಟ್ಟೂರು ಬರಲೇ ಇಲ್ಲ.

ಪಕ್ಕದಲ್ಲಿ ಕೊಟ್ಟೂರಿನ ಗೆಳೆಯ ಕೂತಿದ್ದ. "ಸಂಜಿ ಆತಲೇ, ನಮ್ಮೂರು ಇನ್ನೂ ಬರ್ಲಿಲ್ಲ. ನಾ ಮನಿಗೆ ಹೆಂಗ ಹೋಗ್ಲಿ?" ಎಂದ.

ನೀ ಓದಿದಾಂವ

ರಜೆಯಲ್ಲಿ ನೋಟ್ಸ್ ಹಿಡಿದು ಮನೆಗೆ ಬಂದೆ. ನಮ್ಮ ಓಣಿಯ ಸೇದುವ ಬಾವಿಗೆ ಇದ್ದದ್ದು ಒಂದೇ ಹಗ್ಗ, ಒಂದೇ ಬಕೀಟು. ಒಂದು ದಿನ ಹಗ್ಗ ನನ್ನ ಕೈಗೆ ಸಿಕ್ಕಿತು, ಬಕೀಟು ಪಕ್ಕದ ಮನೆಯ ಮಾವನ ಕೈಗೆ. ಇಬ್ಬರೂ ಬಿಡಲೊಲ್ಲೆವು. ನೋಟ್ಸಿನಲ್ಲಿದ್ದದ್ದೇ ಎದುರಿಗೆ ಬಂದು ನಿಂತಿತಲ್ಲ ಎಂದು ನನಗೆ ಖುಷಿಯೋ ಖುಷಿ.

"ಮಾವ, ಇದಕ್ಕ ಡೆಡ್‌ಲಾಕ್ ಅಂತಾರ. ಇಬ್ರಾಗ ಒಬ್ರು ಬಿಡೋ ತನಕ ಯಾರ ಕೆಲ್ಸನೂ ಆಗಂಗಿಲ್ಲ."

"ಹಂಗೇನು? ನೀ ಓದಿದಾಂವ, ನೀ ಬಿಡು."

ಬಿಟ್ಟೆ. ಮಾವ ಹಂಡೆ ತುಂಬಿಸಿಕೊಂಡು ಹೋದರು. ಸುದ್ದಿ ಹಬ್ಬಿತು. ಬಾವಿಗೆ ಬಂದವರೆಲ್ಲ "ನೀ ಓದಿದಾಂವ, ಬಿಡಪಾ" ಎನ್ನತೊಡಗಿದರು. ಆ ರಜೆ ಪೂರ್ತಿ ನನ್ನ ಸ್ನಾನ ಮಧ್ಯಾಹ್ನವೇ.

ಟವೆಲ್

ಪರೀಕ್ಷೆಯ ಬೆಳಿಗ್ಗೆ, ಚಿತ್ರದುರ್ಗದಿಂದ ನಮ್ಮ ಕಾಲೇಜಿನ ಊರಿಗೆ ಹೋಗುವ ಬಸ್ಸು ಕೂಡ್ಲಿಗಿಗೆ ತುಂಬಿಕೊಂಡೇ ಬಂತು. ಕಿಟಕಿ ಪಕ್ಕದವರು ಎದ್ದದ್ದು ಕಂಡು ಹೊರಗಿನಿಂದಲೇ ಟವೆಲ್ ಎಸೆದೆ. ಟವೆಲ್ ಬಿದ್ದ ಸೀಟಿನಲ್ಲಿ ನಮ್ಮ ಕಡೆ ಬೇರೆಯವರು ಕೂರುವುದಿಲ್ಲ. ಆ ಧೈರ್ಯದ ಮೇಲೆ ಚಹಾ ಕುಡಿಯಲು ಹೋದೆ. ಟವೆಲ್ ಪರೀಕ್ಷೆಗೆ ಹೊರಟಿತು, ನಾನು ಉಳಿದೆ.

ಮುಂದಿನ ಬಸ್ಸಿಗೆ ನೇತಾಡಿಕೊಂಡು ಮುಟ್ಟಿದೆ. ಪ್ರೋಗ್ರಾಮು ಹೇಗೋ ಓಡಿತು. ಆಮೇಲೆ ವೈವಾ. ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು, "ಲಾಕ್ ಹಿಡಿದ ಕೆಲಸ ಅದನ್ನ ಬಿಡದೆ ನಡುವೆಯೇ ಸತ್ತರೆ ಏನಾಗುತ್ತೆ?" ಎಂದು ಕೇಳಿದರು.

ನೋಟ್ಸಿನ ಒಂದಕ್ಷರವೂ ನೆನಪಾಗಲಿಲ್ಲ. ಎಣ್ಣೆ ಮಿಲ್ಲು ಕಣ್ಣ ಮುಂದೆ ಬಂತು. ಬೇರೆ ದಾರಿಯಿಲ್ಲದೆ ಬೆಳಗಿನ ಟವೆಲ್ ಕತೆ ಹೇಳಿದೆ. "ಸೀಟು ಕಡೀ ತನಕ ಖಾಲಿ ಹೋಗ್ತೈತಿ ಸಾರ್. ಪಕ್ಕದಾಗ ಎಷ್ಟು ಜನ ನಿಂತಿದ್ರೂ ಯಾರೂ ಕೂಡಂಗಿಲ್ಲ."

"ಹಸಿರು ಅಂಚಿನ ಟವೆಲ್ಲಾ?"

"ಹೌದು ಸಾರ್" ಎಂದೆ. ಹೊಳೆದದ್ದು ಆಮೇಲೆ.

"ಚಿತ್ರದುರ್ಗದಿಂದ ನಿಂತೇ ಬಂದೆ. ಕೂಡ್ಲಿಗಿಯಲ್ಲಿ ಕೂರೋಣ ಅಂತ ಬಗ್ಗಿದೆ, ಟವೆಲ್ ಬಿತ್ತು. ಆಮೇಲೆ ಯಾರೂ ಕೂರೋಕೆ ಬಿಡಲಿಲ್ಲ. ಇಳಿಯುವಾಗ, ಯಜಮಾನ ಸಿಕ್ಕಾನು ಅಂತ ಎತ್ತಿಕೊಂಡು ಬಂದೆ" ಎನ್ನುತ್ತ ಬ್ಯಾಗಿನಿಂದ ಅದನ್ನು ತೆಗೆದು, ನನ್ನ ಮುಂದಿದ್ದ ಖಾಲಿ ಕುರ್ಚಿಯ ಮೇಲೆ ಹಾಕಿದರು.

ಪಾಸೇನೋ ಮಾಡಿದರು. ಉಳಿದ ಪ್ರಶ್ನೆಗಳಿಗೆಲ್ಲ ನಾನು ನಿಂತೇ ಉತ್ತರ ಹೇಳಿದೆ.