ಹಿಟ್ಟು ನೋಡಿ ಕೆರೆಗೆ ಹೋಗುತ್ತಿದ್ದವನು

ಮೊದಲೇ ಹೇಳಿಬಿಡುತ್ತೇನೆ. ಅವತ್ತು ನಮ್ಮ ಮೈದುನ ಕೆಂಗೇರಿ ಕೆರೆಗೆ ಬಿದ್ದದ್ದು ಗಾಳಿಯಿಂದಲ್ಲ, ಮಳೆಯಿಂದಲ್ಲ, ಗ್ರಹಚಾರದಿಂದಲೂ ಅಲ್ಲ. ನಾನು ಇಡ್ಲಿ ಹಿಟ್ಟಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿದ್ದರಿಂದ. ಇಷ್ಟೇ. ಉಳಿದದ್ದನ್ನು ನಮ್ಮ ಮನೆಯವರು ಹಬ್ಬ ಬಂದಾಗಲೆಲ್ಲ ಸೇರಿಸಿ ಸೇರಿಸಿ ಹೇಳುತ್ತಾರೆ, ನಂಬಬೇಡಿ.

ಇಡ್ಲಿ ಹಿಟ್ಟಿಗೂ ಕೆರೆಗೂ ಏನು ಸಂಬಂಧ ಎನ್ನುತ್ತೀರಾ? ನೀವು ನಮ್ಮ ಮೈದುನನನ್ನು ನೋಡಿಲ್ಲ. ಇಡೀ ಬೆಂಗಳೂರಿನಲ್ಲಿ ಅತ್ತಿಗೆಯ ಪಾತ್ರೆಯೊಳಗೆ ಇಣುಕಿ ಆಕಾಶ ನೋಡುತ್ತಿದ್ದ ಗಂಡಸು ಅವನೊಬ್ಬನೇ!

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನಿಗೆ ಆರು ವರ್ಷ. ತಾಯಿ ಇರಲಿಲ್ಲ, ಮೂಗು ಸೋರುತ್ತಿತ್ತು. ಒರೆಸುವ ಕೆಲಸ ನನಗೆ ಬಿತ್ತು. ಪ್ರೀತಿ ಗೀತಿ ಅಂತ ಯಾರೂ ಬರೆಯಬೇಡಿ, ಕೆಲಸ, ಮಾಡಿದೆ. ಬೆಳೆದು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆದ. ಮೂವತ್ತು ದಾಟಿದರೂ ಮದುವೆ ಆಗಲಿಲ್ಲ. ಹೆಣ್ಣು ಕೊಡಲು ಬಂದವರು ಮಾಳಿಗೆಯ ಮೇಲಿದ್ದ ದೋಣಿಯನ್ನು ನೋಡಿ ಕಾಫಿ ಕೂಡ ಕುಡಿಯದೆ ಹೋಗುತ್ತಿದ್ದರು.

ಹೌದು, ದೋಣಿ! ಎಪ್ಪತ್ತರ ದಶಕದಲ್ಲಿ ವಿಜಯನಗರದಲ್ಲಿ ಸೈಟುಗಳೇ ಹೆಚ್ಚು, ಮನೆಗಳೇ ಕಡಿಮೆ. ನಲ್ಲಿಯಲ್ಲಿ ನೀರು ಬರುವುದೇ ದಿನಕ್ಕೆ ಒಂದು ಗಂಟೆ. ಅಂಥ ಜಾಗದಲ್ಲಿ ಒಬ್ಬ ಮನುಷ್ಯ ದೋಣಿ ಕಟ್ಟಿದ. ಹಳೇ ಡಾಂಬರು ಡ್ರಮ್ಮುಗಳನ್ನು ಸೀಳಿ, ತಗಡು ಬಡಿದು, ಸಂದಿಗೆಲ್ಲ ಡಾಂಬರು ಮೆತ್ತಿ, ಎರಡೂ ತುದಿ ಚೂಪಾಗಿ ಮಾಡಿದ. ಉದ್ದ ಹತ್ತು ಅಡಿ, ಅಗಲ ಒಬ್ಬನ ಸೊಂಟದಷ್ಟು. ಒಬ್ಬನೇ ಕಾಲು ನೀಡಿ ಅದರೊಳಗೆ ಕೂರಬೇಕು. ಹುಟ್ಟು ಹಾಕಲು ಒಂದು ಉದ್ದನೆಯ ಕೋಲು, ಅದರ ಎರಡೂ ತುದಿಗೆ ಸೌಟಿನಂಥ ಹಲಗೆ. ಕಾರ್ಖಾನೆಗೆ ಬಂದಿದ್ದ ಯಾವನೋ ಪರದೇಶದ ಇಂಜಿನಿಯರ್ ತನ್ನೂರಿನ ಇಂಥದೊಂದು ದೋಣಿಯ ಫೋಟೋ ತೋರಿಸಿದ್ದನಂತೆ. ಆ ಪುಣ್ಯಾತ್ಮ ಒಂದು ಚರ್ಚಿನ ಫೋಟೋ ತೋರಿಸಬಾರದಿತ್ತೇ?

ದೋಣಿ ಯಾಕೆ ಎಂದರೆ ಮೀನು ಹಿಡಿಯಲು. ನಮ್ಮದು ಲಿಂಗ ಕಟ್ಟಿಕೊಂಡ ಮನೆ, ಮೊಟ್ಟೆಯ ಸಿಪ್ಪೆಯೂ ಹೊಸ್ತಿಲು ದಾಟಿಲ್ಲ. ಅವನೂ ತಿನ್ನುವವನಲ್ಲ. ಚಪಾತಿ ಹಿಟ್ಟಿನ ಗುಳಿಗೆ ಮಾಡಿ ಗಾಳಕ್ಕೆ ಸಿಕ್ಕಿಸುತ್ತಿದ್ದ. ಮೀನು ಬಿದ್ದರೆ ಅಂಗೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಮತ್ತೆ ನೀರಿಗೇ ಬಿಡುತ್ತಿದ್ದ.

"ತಿನ್ನಲ್ಲ, ಮಾರಲ್ಲ. ಮತ್ತೆ ಯಾಕೋ ಹೋಗ್ತೀಯ?" ಎಂದು ಕೇಳಿದೆ.

"ಅತ್ತಿಗೆ, ನೀವು ಚಿಕ್ಕಪೇಟೆಗೆ ಹೋಗಿ ಇಪ್ಪತ್ತು ಸೀರೆ ಬಿಚ್ಚಿಸಿ ನೋಡಿ, ಒಂದೂ ತಗೊಳ್ದೆ ಬರಲ್ವಾ? ಹಂಗೇ!"

"ಈಜು ಬರುತ್ತೇನೋ?" ಎಂದೆ.

"ಈಜು ಬಂದಿದ್ರೆ ದೋಣಿ ಯಾಕೆ ಬೇಕಿತ್ತು ಅತ್ತಿಗೆ?"

ನನಗೆ ಭಯ ಹಿಡಿದದ್ದು ಆ ಮಾತಿನಿಂದ. ಅದು ಗಟ್ಟಿಯಾದದ್ದು ದೋಣಿಯ ಮೊದಲನೆಯ ಸವಾರಿಯಿಂದ. ದೋಣಿಗೆ ಎರಡು ಸೈಕಲ್ ಚಕ್ರ ಹಾಕಿ, ಮೇಲೆ ಬಿಳಿ ಪಂಚೆ ಹೊದಿಸಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮೈಸೂರು ರಸ್ತೆಯಲ್ಲಿ ಎಳೆದುಕೊಂಡು ಹೋದ. ಉದ್ದನೆಯ ಕಪ್ಪು ಪೆಟ್ಟಿಗೆ, ಬಿಳಿ ಬಟ್ಟೆ. ಜನ ಏನೆಂದುಕೊಳ್ಳುತ್ತಾರೆ? ದಾರಿಯುದ್ದಕ್ಕೂ ಎದ್ದು ನಿಂತು ಕೈ ಮುಗಿದರಂತೆ. ಒಬ್ಬ ಹೂವಿನವಳು ಒಂದು ಹಿಡಿ ಸೇವಂತಿಗೆ ಎಸೆದಳಂತೆ. ಒಬ್ಬ ಮುದುಕಪ್ಪ ಒಂದು ಮೈಲಿ ಹಿಂದೆಯೇ ನಡೆದು, "ಪಾಪ, ಏನಾಗಿತ್ತಪ್ಪ?" ಎಂದನಂತೆ.

"ತಳ ತೂತಾಗಿತ್ತು ಯಜಮಾನ್ರೇ, ಈಗ ಸರಿ ಹೋಗಿದೆ" ಎಂದನಂತೆ ಇವನು!

ಇವನು ಬಂದು ಇದನ್ನು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಮ್ಮ ಯಜಮಾನರೂ ನಕ್ಕರು. ನಾನು ಒಳಗೆ ಹೋಗಿ ವಿಭೂತಿ ತಂದು ಅವನ ಹಣೆಗೆ ಬಳಿದೆ.

ಇನ್ನು ಹಿಟ್ಟಿನ ವಿಷಯ. ಪ್ರತಿ ಭಾನುವಾರ ಬೆಳಗ್ಗೆ ಅವನಿಗೆ ಒಂದೇ ಚಿಂತೆ: ಇವತ್ತು ಯಾವ ಕೆರೆ? ರೇಡಿಯೋದವರು ಮಳೆ ಎಂದ ದಿನ ಬಿಸಿಲು, ಬಿಸಿಲು ಎಂದ ದಿನ ಮಳೆ. ಇರುವೆ ಸಾಲು ನೋಡಿದ, ಚಂದ್ರನ ಸುತ್ತ ಬಳೆ ನೋಡಿದ, ಪಕ್ಕದ ಮನೆಯ ಅಜ್ಜಿಯ ಮಂಡಿನೋವು ವಿಚಾರಿಸಿದ. ಯಾವುದೂ ನಿಲ್ಲಲಿಲ್ಲ. ಕೊನೆಗೆ ನನ್ನ ಇಡ್ಲಿ ಹಿಟ್ಟು ಹಿಡಿದುಕೊಂಡ.

"ನೋಡಿ ಅತ್ತಿಗೆ, ಮೋಡ ಕಟ್ಟಿದ್ರೆ ಥಂಡಿ. ಥಂಡಿ ಇದ್ರೆ ಹಿಟ್ಟು ಮಲಗುತ್ತೆ. ಮೋಡ ಇಲ್ಲಾಂದ್ರೆ ಏಳುತ್ತೆ. ಸುಳ್ಳಾ?"

ಪಾತ್ರೆಯ ಒಳಗೆ ಮೊಳೆಯಿಂದ ಗೀರಿ ಗುರುತು ಮಾಡಿದ. ಹಿಟ್ಟು ಅಂಚಿಗೆ ಬಂದಿದ್ದರೆ ಕೆಂಗೇರಿಯ ಕೆರೆ: ದೂರ, ದೊಡ್ಡದು, ಆಳ. ಅರ್ಧಕ್ಕೆ ಬಂದಿದ್ದರೆ ಮೂಡಲಪಾಳ್ಯದ ಆಚೆಯ ಕೆರೆ: ಸೊಂಟದ ಮಟ್ಟದ ನೀರು, ಕರೆದರೆ ಓಡಿ ಬರಬಹುದು. ಹಿಟ್ಟು ಮಲಗಿದ್ದರೆ ಅವನೂ ಮಲಗುತ್ತಿದ್ದ. ಎರಡು ವರ್ಷ ಒಂದು ಸಲವೂ ತಪ್ಪಲಿಲ್ಲ. ಬೀದಿಯವರೂ ಬಟ್ಟೆ ಒಣಹಾಕುವ ಮೊದಲು ನಮ್ಮ ಮನೆಗೆ ಬಂದು, "ಏನ್ರೀ, ಹಿಟ್ಟು ಉಬ್ಬಿದೆಯಾ?" ಎಂದು ಕೇಳತೊಡಗಿದರು.

ಹೀಗಿರುವಾಗ ನನ್ನ ಮಗಳನ್ನು ನೋಡಲು ಗಂಡಿನವರು ಬರುತ್ತೇವೆಂದು ಹೇಳಿ ಕಳಿಸಿದರು. ಬಸವೇಶ್ವರನಗರದಲ್ಲಿ ಮನೆ, ಮೂಲ ದಾವಣಗೆರೆ ಕಡೆಯವರು, ಆಚಾರವಂತರು. ಹುಡುಗನಿಗೆ ಸರ್ಕಾರಿ ಕೆಲಸ, ಸ್ವಂತ ಸ್ಕೂಟರು. ಬರುವುದು ಭಾನುವಾರ ಮಧ್ಯಾಹ್ನ.

ಆಚಾರವಂತರ ಮುಂದೆ ಮೀನು ಹಿಡಿಯುವ ಚಿಕ್ಕಪ್ಪನನ್ನು ಹೇಗೆ ಕೂರಿಸುವುದು? ಬಾಯಿ ಮುಚ್ಚಿಕೊಂಡು ಇರುವವನೂ ಅಲ್ಲ. ಗೆಂಡೆ ಮೀನಿನ ಕಣ್ಣಿನ ಬಗ್ಗೆ ಒಂದು ಗಂಟೆ ಮಾತಾಡಬಲ್ಲ. ಅವನನ್ನೂ ದೋಣಿಯನ್ನೂ ಅವತ್ತು ಮನೆಯಿಂದ ಆಚೆ ಹಾಕಬೇಕು ಎಂದು ತೀರ್ಮಾನ ಮಾಡಿದೆ.

ಕಾರ್ತಿಕ ಮಾಸ. ಬೆಳಗ್ಗೆ ಎದ್ದು ನೋಡಿದರೆ ಆಕಾಶ ಬೂದಿ ಬಣ್ಣ. ಗಾಳಿ ಇಲ್ಲ, ಮಳೆ ಇಲ್ಲ, ಏನು ಬರುತ್ತದೋ ಗೊತ್ತಿಲ್ಲ. ಪಾತ್ರೆಯ ಮುಚ್ಚಳ ತೆಗೆದೆ. ಹಿಟ್ಟು ಮಲಗಿತ್ತು. ಇವನು ಎದ್ದು ನೋಡಿದರೆ ದಿನವಿಡೀ ಮನೆಯಲ್ಲೇ! ಒಂದು ಚಮಚ ಸೋಡಾ ಹಾಕಿ, ಕಲಸಿ, ಬಿಸಿನೀರಿನ ಬೋಗುಣಿಯಲ್ಲಿಟ್ಟೆ. ಅರ್ಧಕ್ಕೆ ಬರಲಿ, ಮೂಡಲಪಾಳ್ಯಕ್ಕೆ ಹೋಗಿ ಸೊಂಟದ ನೀರಿನಲ್ಲಿ ಕೂತಿರಲಿ ಎಂಬುದು ನನ್ನ ಲೆಕ್ಕ.

ಸೋಡಾಕ್ಕೆ ಅರ್ಧ ಗೊತ್ತಿರುತ್ತದೆಯೇ? ನಾನು ಒಲೆ ಉರಿ ಮಾಡಿ ತಿರುಗುವಷ್ಟರಲ್ಲಿ ಹಿಟ್ಟು ಅಂಚಿಗೆ ಬಂದು ನಿಂತಿತ್ತು.

ಅವನು ಕಣ್ಣುಜ್ಜಿಕೊಂಡು ಬಂದು ಇಣುಕಿದ. "ಅತ್ತಿಗೆ! ಅಂಚಿಗೆ ಬಂದಿದೆ! ಕೆಂಗೇರಿ!"

"ಮೋಡ ಇದೆ ಕಣೋ..." ಎಂದೆ.

"ಮೋಡಕ್ಕೇನು ಗೊತ್ತು? ನಿಮ್ಮ ಹಿಟ್ಟು ಯಾವತ್ತಾದ್ರೂ ಸುಳ್ಳು ಹೇಳಿದೆಯಾ?"

ಆಗ ಹೇಳಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಮಗಳ ಮದುವೆ ಎಂದು ನುಂಗಿದೆ. ಆರು ಇಡ್ಲಿ ಕಟ್ಟಿಕೊಟ್ಟು ಬಾಗಿಲು ಹಾಕಿದೆ.

ಮಧ್ಯಾಹ್ನದ ಹೊತ್ತಿಗೆ ಹುಡುಗ, ಅವನ ತಾಯಿ ಬಂದರು. ಅವರ ಜೊತೆಗೇ ಗಾಳಿಯೂ ಬಂತು. ಮೊದಲು ಕಿಟಕಿ ಬಡಿಯಿತು. ನಾನು ಉಪ್ಪಿಟ್ಟು ಬಡಿಸುತ್ತಿದ್ದೆ. ಆಮೇಲೆ ಎದುರು ಮನೆಯ ತಗಡು ಹಾರಿ ರಸ್ತೆಗೆ ಬಿತ್ತು. ನಾನು ಕಿಟಕಿಯನ್ನೇ ನೋಡುತ್ತ ಹುಡುಗನ ತಟ್ಟೆಗೆ ಮೂರನೇ ಸಲ ಉಪ್ಪಿಟ್ಟು ಹಾಕಿದೆ. ಪಾಪ, ಅವನು ತಲೆ ಬಗ್ಗಿಸಿ ತಿನ್ನುತ್ತಲೇ ಇದ್ದ.

"ಹುಡುಗಿಗೆ ಚಿಕ್ಕಪ್ಪ ಅದಾರಂತಲ್ರೀ, ಕಾಣವಲ್ರು?" ಎಂದರು ಹುಡುಗನ ತಾಯಿ.

"ಮಠಕ್ಕೆ ಹೋಗಿದಾರೆ" ಎಂದೆ.

ನಮ್ಮ ಯಜಮಾನರು ಕೆಮ್ಮಿದರು. ಮಳೆ ಶುರುವಾಯಿತು. ಮಳೆಯೆಂದರೆ ಮಳೆಯೇ! ಮಾಳಿಗೆಯ ಮೇಲೆ ಯಾರೋ ಕಲ್ಲು ಸುರಿದಂತೆ. ಮಗಳು ಕಾಫಿ ತಂದಳು, ಅವಳ ಸೀರೆಯ ಬಣ್ಣ ಕೂಡ ನನಗೆ ಕಾಣಿಸಲಿಲ್ಲ. ಕಾಣಿಸುತ್ತಿದ್ದದ್ದು ನೀರು, ಅದರ ನಡುವೆ ಒಂದು ತಗಡಿನ ಪೆಟ್ಟಿಗೆ.

"ಯಾವ ಮಠ್ರೀ?"

"ಮಠ ಅಲ್ಲ!" ಎಂದು ಕಿರುಚಿಬಿಟ್ಟೆ. "ಕೆರೆ! ಕೆಂಗೇರಿ ಕೆರೆಗೆ ಮೀನು ಹಿಡಿಯೋಕೆ ಹೋಗಿದಾನೆ! ಈಜು ಬರಲ್ಲ ಅವನಿಗೆ!"

ಉಪ್ಪಿಟ್ಟಿನ ಪಾತ್ರೆ ಕೈಜಾರಿ ನೆಲಕ್ಕೆ ಬಿತ್ತು.

"ಲೇ, ಏನಂತ ಮಾತಾಡ್ತಿದೀಯ?" ಎಂದರು ಯಜಮಾನರು.

"ಇದೇನ್ರೀ ಇದು? ಹುಡುಗಿ ನೋಡಾಕ ಬಂದೀವೋ, ಕೆರೆ ನೋಡಾಕ ಬಂದೀವೋ?" ಎಂದರು ಆಕೆ.

ಹುಡುಗ ಮಾತ್ರ ತಟ್ಟೆ ಕೆಳಗಿಟ್ಟು ಎದ್ದ. "ಅಮ್ಮ, ಸ್ಕೂಟರ್ ಇದೆ, ಬನ್ನಿ" ಎಂದ ನನ್ನ ಕಡೆ ತಿರುಗಿ. ತಟ್ಟೆಯಲ್ಲಿ ಉಳಿದ ಉಪ್ಪಿಟ್ಟಿನಿಂದ ತಪ್ಪಿಸಿಕೊಳ್ಳಲೋ ಏನೋ.

ನಾನು ಹುಟ್ಟಿದ ಮೇಲೆ ಸ್ಕೂಟರ್ ಹತ್ತಿದವಳಲ್ಲ. ಅಳಿಯನಾಗಬೇಕಾದವನ ಸೊಂಟ ಗಟ್ಟಿಯಾಗಿ ಹಿಡಿದುಕೊಂಡು ಮೈಸೂರು ರಸ್ತೆಯಲ್ಲಿ ಹೋದೆ. ಮರದ ಕೊಂಬೆಗಳು ರಸ್ತೆಗೆ ಬಿದ್ದಿದ್ದವು. ನೀರು ಮುಖಕ್ಕೆ ಹೊಡೆಯುತ್ತಿತ್ತು. ಭಯ ಯಾವುದರದು, ಸ್ಕೂಟರಿನದೋ, ಕೆರೆಯದೋ, ಬೇರೆ ಮಾಡಲು ಆಗಲಿಲ್ಲ. "ಬೇಗ ಹೋಗಪ್ಪ" ಎಂದೂ "ಮೆಲ್ಲಗೆ ಹೋಗಪ್ಪ" ಎಂದೂ ಒಟ್ಟಿಗೇ ಕೂಗುತ್ತಿದ್ದೆನಂತೆ. ಅಳಿಯ ಇವತ್ತಿಗೂ ಹೇಳುತ್ತಾನೆ.

ಏರಿ ಹತ್ತಿ ನೋಡಿದೆ. ಕೆರೆ ಕುದಿಯುತ್ತಿದ್ದಂತೆ ಇತ್ತು. ನಡುವೆ ದೋಣಿ ಬೋರಲು ಬಿದ್ದು ತೇಲುತ್ತಿತ್ತು, ಎಮ್ಮೆಯ ಬೆನ್ನಿನ ಹಾಗೆ. ಆ ಎರಡು ಸೌಟಿನ ಕೋಲು ದಡಕ್ಕೆ ಬಂದು ಬಿದ್ದಿತ್ತು. ಮನುಷ್ಯ ಇಲ್ಲ.

ಹೆಸರು ಹಿಡಿದು ಕೂಗಿದೆ. ಗಾಳಿ ನನ್ನ ಕೂಗನ್ನು ನನ್ನ ಬಾಯಿಗೇ ತುರುಕಿತು. ಮತ್ತೆ ಕೂಗಿದೆ. ಕೆಸರಿನಲ್ಲೇ ಕೂತುಬಿಟ್ಟೆ. ಇಪ್ಪತ್ತೈದು ವರ್ಷ ಸಾಕಿ, ಒಂದು ಚಮಚದಲ್ಲಿ ಕೊಂದೆನಲ್ಲ!

"ಸೋಡಾ ಹಾಕಿದ್ದು ನಾನು ಕಣಪ್ಪ" ಎಂದೆ ಹುಡುಗನಿಗೆ. "ನೀವು ಬರ್ತೀರಿ ಅಂತ ಅವನನ್ನ ಓಡಿಸೋಕೆ ಸೋಡಾ ಹಾಕಿದೆ."

"ಯಾವ ಸೋಡಾ ಅಮ್ಮ?" ಎಂದ ಹುಡುಗ, ಗಾಬರಿಯಿಂದ. ನನ್ನ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

"ಹಿಟ್ಟಿಗೆ! ಇಡ್ಲಿ ಹಿಟ್ಟಿಗೆ ಸೋಡಾ ಹಾಕಿದ್ದು ನಾನು!"

"ಅತ್ತಿಗೆ, ಜೋರಾಗಿ ಹೇಳಿ! ಗಾಳಿಗೆ ಕೇಳಿಸ್ತಿಲ್ಲ!"

ತಲೆ ಎತ್ತಿದೆ. ದಡದಿಂದ ಇಪ್ಪತ್ತು ಮಾರು ಆಚೆ, ನೀರಿನೊಳಗೆ ಒಂದು ಜಾಲಿ ಮರ. ಅದರ ನೆತ್ತಿಯ ಮೇಲೆ, ಪಂಚೆ ಹರಿದುಕೊಂಡು, ಕೋತಿಯ ಹಾಗೆ ಕೂತಿದ್ದ ನಮ್ಮ ಮೈದುನ!

ಎಷ್ಟು ಬೈದೆನೋ ನನಗೇ ನೆನಪಿಲ್ಲ. ಹುಡುಗ ಕಿವಿ ಮುಚ್ಚಿಕೊಂಡನಂತೆ. ಬೈದು ಸುಸ್ತಾದ ಮೇಲೆ ಇನ್ನೊಂದು ಸಲ ಕೂಗಿ ಹೇಳಿದೆ, ಸೋಡಾದ ವಿಷಯ. ಪೂರ್ತಿ.

ಮರದ ಮೇಲಿಂದ ಕೂಗಿದ, "ಎಷ್ಟು ಚಮಚ?"

"ಒಂದು."

"ಥೂ, ಇಷ್ಟು ಹೊತ್ತೂ ಆ ಹಿಟ್ಟನ್ನ ಬೈಕೊಂಡು ಕೂತಿದೀನಲ್ಲ ಅತ್ತಿಗೆ! ಪಾಪ, ಅದರದೇನೂ ತಪ್ಪಿಲ್ಲ!"

ದೋಣಿ ಮಗುಚಿದಾಗ ಆ ಮರದ ಕೊಂಬೆ ಕೈಗೆ ಸಿಕ್ಕಿತಂತೆ. ಗಾಳಿ ಇಳಿದ ಮೇಲೆ ಕೆರೆಯ ಮೀನಿನವನೊಬ್ಬ ಹರಿಗೋಲು ತಂದು ಇವನನ್ನು ಮರದಿಂದ ಇಳಿಸಿಕೊಂಡ. ಹುಡುಗ, ಹೆಣ್ಣು ನೋಡಲು ಹಾಕಿಕೊಂಡು ಬಂದ ಇಸ್ತ್ರಿ ಪ್ಯಾಂಟಿನಲ್ಲೇ ಎದೆಮಟ್ಟ ನೀರಿಗಿಳಿದು ಇವನನ್ನು ಹರಿಗೋಲಿನಿಂದ ಹೆಗಲ ಮೇಲೆ ಎತ್ತಿಕೊಂಡು ದಡಕ್ಕೆ ತಂದ. ನೆಲಕ್ಕಿಳಿದವನ ಹಲ್ಲು ಕಟಕಟ ಎನ್ನುತ್ತಿತ್ತು. ಅದರ ನಡುವೆಯೇ ಗೆಂಡೆ ಮೀನಿನ ಕಣ್ಣಿನ ವಿಷಯ ಶುರು ಮಾಡಿದ. ಹುಡುಗ ಬಾಯಿ ಬಿಟ್ಟುಕೊಂಡು ಕೇಳಿದ!

ಮನೆಗೆ ಬಂದಾಗ ಹುಡುಗನ ತಾಯಿ ಸೆರಗು ಸಿಕ್ಕಿಸಿಕೊಂಡು ನೆಲದ ಉಪ್ಪಿಟ್ಟು ಬಳಿಯುತ್ತಿದ್ದರು, ಜೊತೆಗೆ ನನ್ನ ಮಗಳು. ಆಕೆ ನಮ್ಮ ಮೂವರನ್ನೂ ಮೇಲಿಂದ ಕೆಳಗೆ ನೋಡಿದರು. "ಮೊದಲು ಒಣ ಬಟ್ಟಿ ಹಾಕ್ಕೊಳ್ರಿ. ಮದುವಿ ಮಾತು ಆಮೇಲೆ ಆಡೂಣು" ಎಂದರು. ಆಡಿದರು. ಮದುವೆ ಆಯಿತು. ಅದು ಬೇರೆ ವಿಷಯ.

ಕೆರೆಗೆ ಬಿದ್ದ ಮರುದಿನ ಸೋಮವಾರ. ಬೆಳಗ್ಗೆ ಮೈದುನ ಏನೂ ಆಗದವನಂತೆ ಬುತ್ತಿ ಹಿಡಿದು ಕಾರ್ಖಾನೆಗೆ ಹೊರಟ. ನೋಡಿದರೆ ಕುಂಟುತ್ತಿದ್ದ.

"ನಿಲ್ಲೋ. ಏನದು ಕಾಲು?"

"ಏನಿಲ್ಲ ಅತ್ತಿಗೆ. ಜಾಲಿ ಮುಳ್ಳು. ಅದೇ ಬರುತ್ತೆ ಆಚೆಗೆ."

ಎಳೆದು ಬೀದಿಬಾಗಿಲ ಮೆಟ್ಟಿಲ ಮೇಲೆ ಕೂರಿಸಿದೆ. ಬಳೆಯಲ್ಲಿದ್ದ ಪಿನ್ನು ಬಿಚ್ಚಿ, ಅವನ ಪಾದ ಎತ್ತಿ ನನ್ನ ತೊಡೆಯ ಮೇಲಿಟ್ಟುಕೊಂಡೆ. ಅವನು ಬೆಂಕಿ ತಾಗಿದವನ ಹಾಗೆ ಕಾಲು ಎಳೆದುಕೊಂಡ.

"ಅತ್ತಿಗೆ, ಬೇಡ! ನೀವು ದೊಡ್ಡೋರು, ನನ್ನ ಕಾಲು ಹಿಡೀಬಾರದು!"

"ಬಾಯಿ ಮುಚ್ಕೊಂಡು ಕೂತ್ಕೋ" ಎಂದೆ.

ಬೀದಿಯವರು ನಿಂತು ನೋಡಿದರು. ನೋಡಲಿ. ಹಿಮ್ಮಡಿಯಲ್ಲಿ ಐದು, ಬೆರಳ ಸಂದಿಯಲ್ಲಿ ಮೂರು, ಇನ್ನೊಂದು ಪಾದ ನೋಡುವುದೇ ಬೇಡ. ಕಾರ್ಖಾನೆಯ ಸೈರನ್ ದೂರದಲ್ಲಿ ಕೂಗಿತು.

"ಅತ್ತಿಗೆ, ಹೊತ್ತಾಯ್ತು."

"ಕೂಗಲಿ ಬಿಡು" ಎಂದು ಇನ್ನೊಂದು ಕಾಲನ್ನೂ ತೊಡೆಯ ಮೇಲೆ ಎತ್ತಿಕೊಂಡೆ.