ಹಂಪ್ ಬಂದ್ರೆ ಹತ್ತೋ ಹಳದಿ ದೀಪ

ನಗೋ ಪ್ರಸಂಗಗಳು ನಗೋ ಹೊತ್ನಲ್ಲಿ ನಡಿಯಲ್ಲ ಕಣ್ರಪ್ಪ. ಮನೇಲಿ ಎಲ್ರೂ ಮುಖ ಸಪ್ಪಗೆ ಮಾಡ್ಕಂಡು ಕೂತಿರ್ತಾರಲ್ಲ, ಆವಾಗ್ಲೇ ಬಾಗ್ಲು ತಳ್ಕಂಡು ಒಳಗೆ ಬತ್ತವೆ. ನಮ್ಮನೇಗಂತೂ ಹೋದ ವರ್ಷ ಪೂರ್ತಿ ಅಂಗೇ ಬಂದ್ವು.

ನಾನು ಮಧುಗಿರಿ, ಪಾವಗಡ, ಸಿರಾ ಅಂತ ಪ್ರೈವೇಟ್ ಬಸ್ಸು ಓಡ್ಸಿ ಓಡ್ಸಿ ಮುದುಕ ಆದೋನು. ಒಂದ್ಸಲ ಸ್ಟೇರಿಂಗ್ ಕಿತ್ಕಂಡು ಕೈಗೇ ಬಂದ್ಬುಡ್ತು. ಅದನ್ನ ತೊಡೆ ಮೇಲೆ ಮಡಿಕ್ಕಂಡು, ಬಸ್ಸನ್ನ ಬರೀ ಬೈಕಂಡೇ ಪಾವಗಡ ಮುಟ್ಸಿದೀನಿ. ನಂಬದೇ ಇರೋರು ಬೇಕಾದ್ರೆ ಆ ಬಸ್ಸನ್ನೇ ಕೇಳ್ಬೋದು, ಗುಜರಿಗೆ ಹೋಗೈತೆ. ಅಂಥಾ ನಂಗೆ, ಒಂದು ಹಳೇ ಕಾರಿನ ಕಡ್ಲೆಕಾಳು ಗಾತ್ರದ ಹಳದಿ ದೀಪ ನೀರು ಕುಡಿಸ್ಬುಡ್ತು.

ಇಬ್ರಿಗೂ ಒಟ್ಗೇ ಕಾಯ್ಲೆ

ನಮ್ಮವ್ಳಿಗೆ ಎರಡು ಕಿಡ್ನೀನೂ ಕೈ ಕೊಟ್ವು. ಕೊರಟಗೆರೆ ಹತ್ರದ ನಮ್ಮೂರಿಂದ ಮಧುಗಿರೀಲಿರೋ ಒಂದು ಆಸ್ಪತ್ರೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗ್ಬೇಕು. ಕಿಡ್ನಿ ಮಾಡೋ ಕೆಲ್ಸಾನ ಅಲ್ಲಿ ಮಿಷಿನ್ ಮಾಡ್ತೈತೆ. ರಕ್ತ ತೊಳ್ದು, ಮೈಯಾಗೆ ನಿಂತಿರೋ ನೀರು ಬಸ್ದು ವಾಪಸ್ ಕಳಿಸ್ತೈತೆ. ಹೊತ್ತಿಗೆ ಸರಿಯಾಗಿ ಹೋಗ್ಲಿಲ್ಲ ಅಂದ್ರೆ ಮಿಷಿನ್ ಪಕ್ಕದ ಮಂಚ ಇನ್ನೊಬ್ರಿಗೆ. ನೀರು ಮೈಯಾಗೇ ನಿಂತು ನಮ್ಮವ್ಳಿಗೆ ಉಸ್ರು ಕಟ್ತೈತೆ. ಬಸ್ಸಲ್ಲಿ ನಿಂತ್ಕಂಡು ಹೋಗೋ ಶಕ್ತಿ ಇಲ್ಲ. ಇರೋದು ಈ ಕಾರೊಂದೇ.

ಅವ್ಳ ಡಯಾಲಿಸಿಸ್ ಶುರು ಆದ ವಾರಾನೇ ಕಾರಿನ ದೀಪಾನೂ ಶುರು ಆಯ್ತು. ಸ್ಟೇರಿಂಗ್ ಮುಂದ್ಗಡೆ, ಇಂಜಿನ್ ಚಿತ್ರ ಇರೋ ಹಳದಿ ದೀಪ. ಸುಮ್ನೆ ಹೋಗ್ತಿರ್ತೈತೆ, ಒಂದು ಹಂಪ್ ಬಂತೋ, ಪಕ್ ಅಂತ ಹತ್ಕಂತೈತೆ. ಹತ್ತಿದ್ರೆ ಮುಗೀತು, ಎಷ್ಟೇ ತುಳೀರಿ, ಎಮ್ಮೆ ಕೆರೆಗೆ ಹೋದಂಗೆ ಹೋಗ್ತೈತೆ ಗಾಡಿ.

ಒಂದಿನ ಇಂಗೇ ತೆವಳ್ಕಂಡು ಹೋಗ್ತಾ ಇದೀವಿ, ಹಿಂದ್ಗಡೆಯಿಂದ ಒಂದು ಕುರಿಮಂದೆ ಬಂತು. ಕುರಿ ಕಾಯೋನು ಕಿಟಕಿ ಪಕ್ಕ ನಡ್ಕಂಡೇ ಬಂದು, ನಮ್ಮವ್ಳ ಆರೋಗ್ಯ ವಿಚಾರಿಸ್ದ, ಊಟ ವಿಚಾರಿಸ್ದ, ತವರುಮನೆ ವಿಚಾರಿಸ್ದ. ಎಲ್ಲ ಆದ್ಮೇಲೆ, "ಬತ್ತೀನಿ ಕಣಮ್ಮ, ನಂಗೆ ಹೊತ್ತಾಯ್ತು" ಅಂತ ಹೇಳಿ, ಕುರಿ ಸಮೇತ ನಮ್ಮನ್ನ ಹಿಂದಕ್ಕೆ ಹಾಕಿ ಹೋದ.

ಕೊರಟಗೆರೆಯ ಸ್ಕ್ಯಾನಿಂಗು

ಕೊರಟಗೆರೆ ಗ್ಯಾರೇಜಿನವನು ಫೋನಿನಂಥಾ ಒಂದು ಡಬ್ಬೀನ ಕಾರಿಗೆ ಚುಚ್ಚಿ ನೋಡ್ದ. "ಸೆನ್ಸಾರ್ ಹೋಗೈತೆ ಯಜಮಾನ್ರೆ" ಅಂದ.

"ಅಂಗಂದ್ರೇನಪ್ಪ?"

"ಇಂಜಿನ್ ಒಳ್ಗೆ ಏನಾಗ್ತೈತೆ ಅಂತ ಕಂಪ್ಯೂಟರ್‌ಗೆ ಸುದ್ದಿ ಮುಟ್ಸೋನು."

"ಚಾಡಿಕೋರ ಅನ್ನು" ಅಂದೆ. ಚಾಡಿಕೋರನ್ನ ಬದಲಾಯಿಸ್ದ, ದೀಪ ಹೋಯ್ತು. ಗ್ಯಾರೇಜಿನ ಮುಂದೇನೇ ಇರೋ ಹಂಪ್ ಹತ್ತಿಸ್ದೆ, ಬಂತು. ರಿವರ್ಸ್ ಹಾಕ್ಕಂಡು ಬಂದೆ. "ಅಂಗಾದ್ರೆ ಇನ್ನೊಂದು ಸೆನ್ಸಾರ್ ಇರ್ಬೇಕು" ಅಂದ. ಅದನ್ನೂ ಬದಲಾಯಿಸ್ದ. ಅದೇ ಹಂಪು, ಅದೇ ದೀಪ. ತಲೆ ಕೆರ್ಕಂಡು, "ಎಡಗಡೆ ಒಳ್ಗೂ ಒಂದ್ಸಲ ನೋಡ್ಬುಡ್ಲಾ? ಅಮ್ಮೋರು ಒಸಿ ಇಳೀಬೇಕು" ಅಂದ.

ಎಡಗಡೆ ಸೀಟು ನಮ್ಮವ್ಳ ರಾಜ್ಯ. ಕಾಲತ್ರ ಅವ್ಳ ಆಸ್ಪತ್ರೆ ಚೀಲ, ಅದ್ರ ಮೇಲೆ ಹೊದಿಯೋ ಬೆಡ್‌ಶೀಟು. ಆ ಕಡೆ ಯಾರೂ ಕೈ ಹಾಕಂಗಿಲ್ಲ. "ಕಾಲು ಊದೈತೆ, ಇಳಿಯಕಾಗಲ್ಲ" ಅಂತ ಗದರಿ, ಆಮೇಲೆ ಅವ್ನ ಮುಖ ನೋಡಿ ಕನಿಕರ ಬಂತೇನೋ, ಹೇಳಿದ್ಲು: "ಲೋ ಮಗಾ, ನಮ್ ಡಾಕ್ಟ್ರೂ ಇಂಗೇ ಕಣ್ಲಾ. ಒಂದೊಂದೇ ಟೆಸ್ಟು ಬರ್ದು ಬರ್ದು, ಕೊನೆಗೆ 'ವಯಸ್ಸಾಯ್ತು' ಅಂದ್ರು. ನೀನೂ ಅದನ್ನೇ ಅಂದ್ಬುಡು, ಸೆನ್ಸಾರ್ ಆದ್ರೂ ಉಳೀಲಿ."

ಬಾಳೆಹಣ್ಣಿನ ಯೋಗ

ಇದು ಮನುಷ್ಯರ ಕೈಲಾಗೋ ಕೆಲ್ಸ ಅಲ್ಲ ಅಂತ ನಮ್ಮವ್ಳು ತೀರ್ಮಾನ ಮಾಡಿದ್ಲು. ಗೊರವನಹಳ್ಳಿಗೆ ಹೋದ್ವಿ. ಲಕ್ಷ್ಮಮ್ಮನಿಗೆ ಕೈ ಮುಗಿದು ಬಂದು ಕಾರಲ್ಲಿ ಕೂತವ್ಳೇ, "ರೀ, ಹೋಗಿ ಬಾಳೆಹಣ್ಣು ತಗಂಬನ್ನಿ" ಅಂದ್ಲು.

"ಕಿಡ್ನಿಯೋರಿಗೆ ಬಾಳೆಹಣ್ಣು ಆಗ್ಬಾರ್ದು ಅಂದವ್ರಲ್ಲೇ?"

"ನಂಗಲ್ಲ, ನಿಮ್ಗೆ. ತಿನ್ಕಂಡೇ ಬನ್ನಿ, ಅವಸರ ಇಲ್ಲ."

ಮದ್ವೆ ಆದಾಗ್ಲಿಂದ ನಂಗೆ ಇಷ್ಟು ಉಪಚಾರ ಆಗಿರ್ಲಿಲ್ಲ. ಸಿಪ್ಪೆ ಸಮೇತ ತಿಂದೆ ಅನ್ನಿ. ವಾಪಸ್ ಬಂದು ನೋಡ್ತೀನಿ, ಕೂತಲ್ಲೇ ಏದುಸಿರು ಬಿಡ್ತಾವ್ಳೆ, ಕೈಯೆಲ್ಲ ಅರಿಶಿನ.

"ಏನೇ ಮಾಡ್ತಿದ್ದೆ?"

"ದೇವ್ರನ್ನ ನೆನೀತಿದ್ದೆ."

"ಏದುಸಿರು ಬರೋವಂಗೆ ನೆನೀಬೇಕಾ?"

"ನಿಮ್ ಕಾರು ಅಂಗೈತೆ" ಅಂದ್ಲು.

ಸಿದ್ದರಬೆಟ್ಟಕ್ಕೆ ಹೋದಾಗ್ಲೂ ಅದೇ ಕಥೆ. ಬೆಟ್ಟ ಹತ್ತಕ್ಕೆ ಆಗಲ್ಲ ಅಂತ ಕೆಳ್ಗಿಂದ್ಲೇ ಕೈ ಮುಗಿದ್ಲು, ನನ್ನ ಬಾಳೆಹಣ್ಣಿಗೆ ಅಟ್ಟಿದ್ಲು. ಅಲ್ಲಿಗೆ ದೀಪ ಹಂಪಿಗಷ್ಟೇ ಅಲ್ಲ, ರಸ್ತೆ ಮೇಲಿನ ಸಣ್ಣ ಗುಂಡಿಗೂ ಹತ್ತಕ್ಕೆ ಶುರು ಆಯ್ತು. ಗುಡಿಗೆ ಹೋಗಿ ಬಂದು ಕಾಯ್ಲೆ ಜಾಸ್ತಿ ಮಾಡ್ಕಂಡಿದ್ದು ಈ ತಾಲ್ಲೂಕಲ್ಲಿ ನಮ್ ಕಾರೊಂದೇ.

ಪಾವಗಡದ ವೈದ್ಯ

ಪಾವಗಡದಲ್ಲಿ ನಮ್ಮವ್ಳ ತಂಗಿ ಮನೆ ಐತೆ. ಶನಿಮಹಾತ್ಮನ ಗುಡೀನೂ ಆಗ್ತೈತೆ, ತಂಗೀನೂ ನೋಡ್ದಂಗಾಗ್ತೈತೆ ಅಂತ ಹೊಂಟ್ವಿ. ಗುಡಿ ಮುಂದೆ ನಂಗೆ ಇನ್ನೊಂದು ಸಲ ಬಾಳೆಹಣ್ಣು. ಆ ಹೊತ್ಗೆ ನಂಗೂ ಬಾಳೆಹಣ್ಣಿಗೂ ಮಾತಿಲ್ಲದಂಗೆ ಆಗಿತ್ತು.

ತಂಗಿ ಮನೆ ಪಕ್ಕದಲ್ಲೇ ಒಬ್ಬ ಎಲೆಕ್ಟ್ರಿಷಿಯನ್ನು, ಮಾತು ಅರ್ಧ ತೆಲುಗು ಅರ್ಧ ಕನ್ನಡ. ಕಾರಿಗೆ ಒಂದು ಸುತ್ತು ಬಂದ, ಬಾನೆಟ್ ಎತ್ತಿ ಇಳಿಸ್ದ, ಕೈ ಒರೆಸ್ಕಂಡ.

"ಏಮೀ ಲೇದು ಪೆದ್ದಾಯನಾ, ಸಣ್ಣ ಕೆಲ್ಸ. ಅಮ್ಮಾ, ಒಂದು ಬೊಟ್ಟು ಕೊಡಿ" ಅಂತ ನಮ್ಮವ್ಳ ಕಡೆ ಕೈ ಚಾಚಿದ.

ಅವ್ಳು ಚೀಲದಾಗಿಂದ ಒಂದು ಅಂಟಿಸೋ ಬೊಟ್ಟು ತಗದು ಕೊಟ್ಲು. ಅದನ್ನ ಈಸ್ಕಂಡು, ಆ ಹಳದಿ ದೀಪದ ಮೇಲೆ ನೀಟಾಗಿ ಅಂಟಿಸ್ಬುಟ್ಟ. "ಈಗ ನೋಡಿ, ಕನಪಡದು. ಕಾಣ್ದಿದ್ರೆ ಭಯಾನೂ ಇಲ್ಲ."

ಅಂಗೆ ನಮ್ ಕಾರಿಗೆ ಮುತ್ತೈದೆತನ ಬಂತು. ಆರೋಗ್ಯ ಬರ್ಲಿಲ್ಲ.

ಮಂಚ ಹೋಗಿದ್ದು

ಮುಂದಿನ ಡಯಾಲಿಸಿಸ್ ದಿನ ದೀಪ ಹತ್ತಿತ್ತೋ ಇಲ್ವೋ, ಬೊಟ್ಟಿನ ಹಿಂದೆ ಏನೂ ಕಾಣ್ಲಿಲ್ಲ. ಗಾಡಿ ಮಾತ್ರ ಊರು ದಾಟ್ತಿದ್ದಂಗೇ ಎಮ್ಮೆ ಆಯ್ತು. ಮಧುಗಿರಿ ಬೆಟ್ಟ ಎದುರ್ಗೇ ಕಾಣ್ತೈತೆ, ಎಷ್ಟೊತ್ತು ಹೋದ್ರೂ ಅಷ್ಟೇ ದೂರ ಐತೆ. ಬೆಟ್ಟಾನೇ ಹಿಂದಕ್ಕೆ ಸರೀತೈತೇನೋ ಅಂತ ನಂಗೆ ಅನುಮಾನ. ನಮ್ಮವ್ಳು ಮಾತು ನಿಲ್ಸಿ, ಬಾಯಲ್ಲಿ ಉಸ್ರು ಎಳ್ಕಂತಿದ್ಲು.

ಹೋಗಿ ಮುಟ್ಟೋ ಹೊತ್ಗೆ ಮಂಚದ ಮೇಲೆ ಬೇರೆ ಯಾರೋ. ನರ್ಸಮ್ಮ ಒಳ್ಳೆ ಹುಡ್ಗಿ. "ಏನ್ ಮಾಡ್ಲಿ ತಾತಾ, ಕಾದು ಕಾದು ಕೊಟ್ಬುಟ್ವಿ. ನಾಳೆ ಬೆಳಿಗ್ಗೆ ಮೊದಲ್ನೇ ಪಾಳಿ ನಿಮ್ದೇ. ಅಲ್ಲೀವರ್ಗೂ ಅಜ್ಜಿಗೆ ನೀರು ಒಂದೊಂದೇ ಗುಟುಕು ಕೊಡಿ, ಜಾಸ್ತಿ ಕೊಡ್ಬ್ಯಾಡಿ" ಅಂದ್ಲು.

ಹೊರಗೆ ಬೆಂಚಿನ ಮೇಲೆ ಕೂತ್ವಿ. ನಾನು ತಲೆ ಮೇಲೆ ಕೈ ಹೊತ್ಕಂಡು ಕೂತಿದ್ದು ನೋಡಿ, ನಮ್ಮವ್ಳು ತುಂಡು ತುಂಡಾಗಿ ಹೇಳಿದ್ಲು: "ಒಂದ್ ಕೆಲ್ಸ ಮಾಡಿ. ಕಾರನ್ನ ಇಲ್ಲಿ ಮಂಚದ್ಮೇಲೆ ಹಾಕಿ. ನನ್ನ ಗ್ಯಾರೇಜಿಗೆ ಬುಡಿ. ಯಾರೋ ಒಬ್ರಿಗಾದ್ರೂ ಗೊತ್ತಾಗ್ಬೋದು."

ಅದೊಂದು ಮಾತಿಗೆ ಮಾತ್ರ ನಂಗೆ ನಗು ಬರ್ಲಿಲ್ಲ. ಈಗ ಹೇಳ್ತಾ ಬತ್ತೈತೆ, ಅದು ಬೇರೆ ಮಾತು.

ಸಿರಾದ ಸಾಬರು

ಮಾರನೇ ದಿನ ಡಯಾಲಿಸಿಸ್ ಆಯ್ತು, ಉಸ್ರು ಸರಿಹೋಯ್ತು. ಇನ್ನೊಂದ್ಸಲ ಇಂಗಾದ್ರೆ ಇವ್ಳು ಉಳಿಯಲ್ಲ ಅಂತ ನಂಗೆ ಗೊತ್ತಿತ್ತು. ಒಂದಿನ ಸುಧಾರಿಸ್ಕಳಕ್ಕೆ ಬುಟ್ಟು, ಸಿರಾಕ್ಕೆ ಕರ್ಕಂಡು ಹೋದೆ. ಅಲ್ಲಿ ಒಬ್ಬ ಸಾಬರು ಬರೀ ವೈರಿಂಗ್ ಕೆಲ್ಸಾನೇ ಮಾಡೋದು. ಡಬ್ಬಿ ಚುಚ್ಚಲಿಲ್ಲ, ಬಾನೆಟ್ ಎತ್ಲಿಲ್ಲ. "ಯಾವಾಗ ಹತ್ತತೈತೆ ತಾತಾ?" ಅಂದ್ರು.

"ಹಂಪ್ ಬಂದ್ರೆ."

"ಅಂಗಾದ್ರೆ ಏನೋ ಅಲ್ಲಾಡ್ತೈತೆ. ಅಮ್ಮೀ, ಜರಾ ಇಳೀರಿ."

"ಕಾಲು ಊದೈತೆ" ಅಂದ್ಲು ನಮ್ಮವ್ಳು.

"ಮೊನ್ನೆ ತಾನೇ ನೀರು ತಗದವ್ರೆ, ಕಾಲು ಕಡ್ಡಿ ಥರಾ ಐತೆ. ಇಳಿಯೇ" ಅಂದೆ ನಾನು.

ಇಳಿದ್ಲು. ಇಳಿದು, ಆ ಕಡೆ ಮುಖ ತಿರುಗಿಸ್ಕಂಡು ಕರೆಂಟ್ ಕಂಬ ನೋಡ್ತಾ ನಿಂತ್ಲು. ಸಾಬರು ಚೀಲ ತಗದು, ಬೆಡ್‌ಶೀಟು ತಗದು, ಡ್ಯಾಶ್‌ಬೋರ್ಡ್ ಕೆಳ್ಗೆ ತಲೆ ತೂರಿಸಿದ್ರು. ಆಮೇಲೆ ಒಳ್ಗಿಂದ "ಯಾ ಅಲ್ಲಾ!" ಅಂತ ಕೇಳಿಸ್ತು.

ಅರಿಶಿನದ ಬಟ್ಟೇಲಿ ಸುತ್ತಿದ ಒಂದು ತೆಂಗಿನಕಾಯಿ. ಅದ್ರ ಪಕ್ಕ ಇನ್ನೊಂದು. ಅದ್ರ ಹಿಂದೆ ಒಂದು. ಅದ್ಕೆ ಜೋತು ಬಿದ್ದು ಮತ್ತೊಂದು. ಎಲ್ಲಾನೂ ವೈರಿನ ಕಟ್ಟಿಗೇ ಬಿಗಿದು ಕಟ್ಟವ್ಳೆ, ಹರಕೆ ಕಾಯಿಗಳು.

"ತಾತಾ, ಇದು ಕಾರಾ, ತೆಂಗಿನ ತೋಟಾನಾ?"

ವಿಷಯ ಇಷ್ಟೇ. ಇಂಜಿನ್‌ನಿಂದ ಕಂಪ್ಯೂಟರ್ ಡಬ್ಬಿಗೆ ಹೋಗೋ ಸೆನ್ಸಾರ್ ವೈರು ಅವ್ಳ ಕಾಲತ್ರಾನೇ ಹಾಯ್ದು ಹೋಗ್ತೈತೆ. ಕಾಯಿ ಭಾರಕ್ಕೆ ಜಗ್ಗಿ ಜಗ್ಗಿ, ಮೇಲಿನ ಪ್ಲಾಸ್ಟಿಕ್ ನೆಟ್ಟಗಿದ್ರೂ ಒಳ್ಗೆ ತಂತಿ ತುಂಡಾಗೈತೆ. ಹಂಪ್ ಬಂದ್ರೆ ಕಾಯಿಗಳು ಉಯ್ಯಾಲೆ ಆಡ್ತವೆ, ತಂತಿ ಬಿಟ್ಕಂತೈತೆ, ದೀಪ ಹತ್ತತೈತೆ. ದೀಪ ಹತ್ತಿದ್ರೆ ಇವ್ಳು ಇನ್ನೊಂದು ದೇವ್ರಿಗೆ ಹೋಗಿ ಇನ್ನೊಂದು ಕಾಯಿ ಕಟ್ತಾಳೆ.

"ಬಿಚ್ಚಿ ಅಮ್ಮೀ ಇವನ್ನ" ಅಂದ್ರು ಸಾಬರು.

"ಅದೆಂಗಾಗ್ತೈತಪ್ಪ? ದೀಪ ಹೋದ್ಮೇಲೇ ಬಿಚ್ತೀನಿ ಅಂತ ಹೇಳ್ಕಂಡಿದೀನಿ."

"ಬಿಚ್ಚದೇ ದೀಪ ಹೋಗಲ್ಲ!"

"ದೀಪ ಹೋಗ್ದೇ ಬಿಚ್ಚಂಗಿಲ್ಲ."

ಸಾಬರು ಗಡ್ಡ ಕೆರ್ಕಂಡು ಯೋಚ್ನೆ ಮಾಡಿದ್ರು. ಆಮೇಲೆ ಕೈ ಒಳ್ಗೆ ಹಾಕಿ ಕೀ ತಿರುಗಿಸಿ ಗಾಡಿ ಆಫ್ ಮಾಡಿ, ಬೊಟ್ಟು ಕಿತ್ರು. "ನೋಡಿ ಅಮ್ಮೀ. ದೀಪ ಐತಾ?"

ನಮ್ಮವ್ಳು ಬಗ್ಗಿ ನೋಡಿದ್ಲು. "ಇಲ್ಲ."

"ಹೋಯ್ತಲ್ಲ? ಬಿಚ್ಚಿ."

"ನಾಳೆ ದೇವ್ರು ಕೇಳಿದ್ರೆ ನೀನೇ ಸಾಕ್ಷಿ ಹೇಳ್ಬೇಕು" ಅಂತ ಕರಾರು ಮಾಡ್ಕಂಡು, ಒಂದೊಂದಾಗಿ ಬಿಚ್ಚಿದ್ಲು. ಕೊನೇದೊಂದು ಹಂಗೇ ಉಳೀತು. ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಮೊದ್ಲು ಕಟ್ಟಿದ್ದು.

"ಇದು?"

"ಅದು ದೀಪದ್ದಲ್ಲ, ನಂದು. ಕಿಡ್ನಿ ನೆಟ್ಟಗಾಗ್ಲಿ ಅಂತ ಮನೆದೇವ್ರಿಗೆ ಕಟ್ಟಿದ್ದು. ಅದನ್ನ ಮಾತ್ರ ಮುಟ್ಬ್ಯಾಡ."

ಕಿಡ್ನಿ ಇನ್ನು ನೆಟ್ಟಗಾಗಲ್ಲ ಅಂತ ಡಾಕ್ಟ್ರು ಇಬ್ರನ್ನೂ ಕೂರಿಸ್ಕಂಡೇ ಹೇಳಿದ್ರು. ಸಾಬರು ನನ್ ಮುಖ ನೋಡಿದ್ರು, ನಾನು ಟೈರ್ ನೋಡ್ದೆ.

"ಗಂಟು ಮುಟ್ಟಲ್ಲ ಅಮ್ಮೀ" ಅಂದ್ರು. ಗಂಟಿನ ಆಚೆ ಈಚೆ ವೈರನ್ನೇ ಕತ್ತರಿಸಿ, ಅಲ್ಲಿಗೆ ಹೊಸ ವೈರು ಸೇರಿಸಿ ಟೇಪು ಸುತ್ತಿದ್ರು. ತುಂಡು ವೈರು ಗಂಟಲ್ಲಿ ಸಿಕ್ಕಂಡಂಗೇ, ಕಾಯೀನ ಬಾಗ್ಲ ಮೇಲಿನ ಹಿಡಿಗೆ ನೇತು ಹಾಕಿದ್ರು.

ದೇವ್ರು ಕೇಳಿಸ್ಕಂಡಿದ್ದು

ಸಿರಾದಿಂದ ಮಧುಗಿರಿವರ್ಗೂ ಹಂಪ್ ಹುಡಿಕ್ಕಂಡು ಹುಡಿಕ್ಕಂಡು ಹತ್ತಿಸ್ದೆ. ಹಂಪ್ ಇಲ್ಲದ ಕಡೆ ಗುಂಡಿ, ಗುಂಡಿ ಇಲ್ಲದ ಕಡೆ ಕಲ್ಲು. ದೀಪ ಬರ್ಲಿಲ್ಲ. ಒಂದು ಕಡೆ ಅದೇ ಕುರಿ ಕಾಯೋನು ಸಿಕ್ದ. ಅವ್ನು ಅಷ್ಟು ದೂರ ಯಾಕೆ ಬಂದಿದ್ದ ಅಂತ ಕೇಳ್ಬ್ಯಾಡಿ, ಸಿಕ್ದ. ಹಾರನ್ ಹೊಡ್ದು, "ಬತ್ತೀನಿ ಕಣಪ್ಪ, ನಂಗೆ ಹೊತ್ತಾಯ್ತು" ಅಂತ ಕೂಗಿ ಮುಂದಕ್ಕೆ ಹೋದೆ.

ಮಧುಗಿರಿ ಬೆಟ್ಟ ಈ ಸಲ ಮರ್ಯಾದೆಯಾಗಿ ಹತ್ರ ಬಂತು. ಆವಾಗ ನಮ್ಮವ್ಳು ಆ ದೊಡ್ಡ ಕಾಯೀನ ಹಿಡಿಯಿಂದ ಇಳಿಸ್ಕಂಡು, ಕಿವಿ ಹತ್ರ ಹಿಡ್ದು ಅಲ್ಲಾಡ್ಸಿದ್ಲು. ಇನ್ನೊಂದ್ಸಲ ಅಲ್ಲಾಡ್ಸಿದ್ಲು. ಇಷ್ಟು ತಿಂಗಳು ಕಾರಿನ ಕಾವಿಗೆ ನೇತಾಡಿ ನೇತಾಡಿ ಒಳ್ಗೆ ಒಣಗಿಹೋಗಿತ್ತು, ಸದ್ದೇ ಇಲ್ಲ.

"ಏನೇ ಅದು?" ಅಂದೆ.

"ಒಂದ್ ಹನಿ ನೀರಿಲ್ಲ ಕಣ್ರೀ. ಎಲ್ಲಾ ಬಸ್ದವ್ನೆ" ಅಂದ್ಲು. ಕಾಯೀನ ಮಡ್ಲಲ್ಲಿ ಮಡಿಕ್ಕಂಡು, ರಸ್ತೆ ನೋಡ್ತಾ ನಿಟ್ಟುಸಿರು ಬುಟ್ಲು.

"ನನ್ ಹರಕೆ ದೇವ್ರಿಗೆ ಮುಟ್ಟೈತೆ ರೀ. ಡಯಾಲಿಸಿಸ್ಸೂ ಮಾಡವ್ನೆ. ಕೈ ತಪ್ಪಿ ಕಾಯಿಗೆ ಮಾಡ್ಬುಟ್ಟವ್ನೆ."