ಮೂರು ಬಾವುಟದ ಹೊಲ

ಮ್ಯಾನೇಜರರ ಕುರ್ಚಿಯ ಹಿಂದೆ ಆ ಕ್ಯಾಲೆಂಡರ್ ನೇತಾಡದೇ ಇದ್ದಿದ್ದರೆ ಲಕ್ಷ್ಮೀಕಾಂತ ಅಷ್ಟು ದೊಡ್ಡ ಸುಳ್ಳು ಹೇಳುತ್ತಿರಲಿಲ್ಲ. ಏನೋ ಒಂದು ಸಣ್ಣ ಸುಳ್ಳಿನಲ್ಲಿ ಮುಗಿಸುತ್ತಿದ್ದ.

ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಅವನು ಸ್ಟೋರ್ಸ್ ಸೂಪರ್‌ವೈಸರ್. ಛತ್ತೀಸ್‌ಗಢದಲ್ಲಿ ಕಂಪನಿ ಕಟ್ಟುತ್ತಿರುವ ಹೊಸ ಘಟಕಕ್ಕೆ ಇಲ್ಲಿಂದ ಒಬ್ಬರನ್ನು ಎರಡು ವರ್ಷಕ್ಕೆ ಕಳಿಸಬೇಕಿತ್ತು. ಪಟ್ಟಿಯಲ್ಲಿ ಎರಡೇ ಹೆಸರು ಉಳಿದಿದ್ದವು. ಒಂದು ಅವನದು, ಇನ್ನೊಂದು ಡಿಸ್ಪ್ಯಾಚಿನ ಗೋವಿಂದರಾಜುವಿನದು. ಅಷ್ಟು ದೂರ ಹೋಗಲು ಲಕ್ಷ್ಮೀಕಾಂತನಿಗೆ ಮನಸ್ಸಿರಲಿಲ್ಲ. ಹೊಸ ಮ್ಯಾನೇಜರ್ ಸುದರ್ಶನ್ ಸೋಮವಾರ ಅವನನ್ನು ಕರೆಸಿ ಕೂರಿಸಿಕೊಂಡರು.

"ನಿಮಗೆ ಚಿಕ್ಕ ಮಕ್ಕಳಿದಾರಲ್ವಾ? ಭಾನುವಾರ ಅವರ ಜತೆ ಏನ್ ಮಾಡ್ತೀರಾ?"

ಭಾನುವಾರ ಲಕ್ಷ್ಮೀಕಾಂತ ನಿದ್ದೆ ಮಾಡುತ್ತಿದ್ದ. ಉಳಿದ ದಿನ ಮಕ್ಕಳು ಏಳುವ ಮೊದಲೇ ಕಂಪನಿ ಬಸ್ಸು ಹತ್ತಿ, ಅವರು ಮಲಗಿದ ಮೇಲೆ ಶಿರಾ ಗೇಟಿನ ಬಾಡಿಗೆ ಮನೆ ಸೇರುತ್ತಿದ್ದ. ಏಳು ವರ್ಷದ ಬಿಂದುಶ್ರೀ, ಐದು ವರ್ಷದ ಚರಿತ್ ಅವನ ಪಾಲಿಗೆ ಕಂಬಳಿಯೊಳಗಿನ ಎರಡು ಉಬ್ಬುಗಳು. ನಿಜ ಹೇಳಿದರೆ 'ಹಾಗಾದ್ರೆ ನೀವು ಇಲ್ಲಿದ್ರೂ ಒಂದೇ, ಛತ್ತೀಸ್‌ಗಢದಲ್ಲಿದ್ರೂ ಒಂದೇ' ಎಂದುಬಿಡುತ್ತಾರೆ. ಅವನು ತಲೆ ಎತ್ತಿದ. ಕ್ಯಾಲೆಂಡರಿನಲ್ಲಿ ಬಿಳಿ ಟೋಪಿಯವನೊಬ್ಬ ಹಸಿರು ಹುಲ್ಲಿನ ಮೇಲೆ ಕೋಲೆತ್ತಿ ನಿಂತಿದ್ದ.

"ಗಾಲ್ಫ್ ಆಡ್ತೀವಿ ಸಾರ್. ನಾನೂ ಮಕ್ಕಳೂ."

ಸುದರ್ಶನ್ ಕುರ್ಚಿಯಿಂದ ಅರ್ಧ ಎದ್ದರು. "ಗಾಲ್ಫಾ! ಎಲ್ಲಿ?"

"ಕೋರದ ಹತ್ರ ನಮ್ಮದೊಂದು ಹೊಲ ಇದೆ ಸಾರ್. ಅಲ್ಲೇ ಒಂಚೂರು ಮಾಡ್ಕೊಂಡಿದೀವಿ."

"ಬರೋ ಭಾನುವಾರ ಹನ್ನೊಂದು ಗಂಟೆಗೆ ನಾನೂ ಬರ್ತೀನಿ. ಇಂಥ ಅಪ್ಪನ್ನ ಮಕ್ಕಳಿಂದ ದೂರ ಮಾಡೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ? ನೋಡ್ಕೊಂಡು ಬಂದು ಲಿಸ್ಟ್ ಫೈನಲ್ ಮಾಡ್ತೀನಿ."

ಮನೆಯಲ್ಲಿ ಇದನ್ನು ಕೇಳಿ ಹೆಂಡತಿ ಸುಶ್ಮಿತಾ ಕುಕ್ಕರಿನ ಸೀಟಿ ಎಣಿಸುವುದನ್ನೇ ಮರೆತಳು. "ಗಾಲ್ಫಾ? ನೀವು ಗೋಡೆಗೆ ಮೊಳೆ ಹೊಡೆದ್ರೇ ಬೆರಳಿಗೆ ಬೀಳುತ್ತೆ ಕಣ್ರೀ."

ಆದರೂ ಅವನು ಸಿದ್ಧತೆ ಬಿಡಲಿಲ್ಲ. ಎಂ.ಜಿ. ರಸ್ತೆಯ ಆಟಿಕೆ ಅಂಗಡಿಯಲ್ಲಿ ಮಕ್ಕಳಿಗೆ ಎರಡು ಪ್ಲಾಸ್ಟಿಕ್ ಕೋಲು, ಮೂರು ಚೆಂಡು ಸಿಕ್ಕವು. ತನಗೆ ಪರಿಚಯದ ವೆಲ್ಡರ್‌ನ ಕೈಯಲ್ಲಿ ನೀರಿನ ಪೈಪಿನ ತುದಿಗೊಂದು ಕಬ್ಬಿಣದ ತುಂಡು ಹಚ್ಚಿಸಿಕೊಂಡ. ಅದು ಚೆನ್ನಾಗಿ ಕಾಣಲಿ ಎಂದು ಬಿಂದುಶ್ರೀ ಹಠ ಹಿಡಿದದ್ದಕ್ಕೆ ಕೆಂಪು ಪಟ್ಟೆ, ಬಿಳಿ ಪಟ್ಟೆ ಬಳಿದ. ಹೆಂಡತಿಯ ಕೆಂಪು ಬ್ಲೌಸ್ ಪೀಸಿನಲ್ಲಿ ಮೂರು ಬಾವುಟ ಆದವು. ಮೊಬೈಲಿನ ವಿಡಿಯೋದಲ್ಲಿ ಗುಳಿಯಿಂದ ಗುಳಿಗೆ ಅಳತೆ ಮುಖ್ಯ ಎಂದಿದ್ದರು. ಅದಕ್ಕೊಂದು ಟೇಪು, ಗುರುತಿಗೆ ಒಂದು ಚೀಲ ಸುಣ್ಣದ ಪುಡಿ.

ಭಾನುವಾರ ಸುಶ್ಮಿತಾ ಗುಬ್ಬಿಗೆ, ಅಕ್ಕನ ಮಗಳ ಸೀಮಂತಕ್ಕೆ ಹೋದಳು. ಲಕ್ಷ್ಮೀಕಾಂತ ಮಕ್ಕಳಿಬ್ಬರನ್ನೂ ಬೈಕಿನಲ್ಲಿ ಹೇರಿಕೊಂಡು ಏಳೂವರೆಗೆ ಹೊಲ ಮುಟ್ಟಿದ. ರಾಗಿ ಕುಯ್ದು ತಿಂಗಳಾಗಿತ್ತು. ನೆಲದ ತುಂಬ ಕೂಳೆ, ಮೂರು ದಿನ ಬಿಟ್ಟ ಗಡ್ಡದ ಹಾಗೆ. ಟೇಪು ಹಿಡಿದು ಅಳೆದು ಮೂರು ಗುಳಿ ತೋಡಿದ. ಸುತ್ತ ಸುಣ್ಣದ ವೃತ್ತ ಎಳೆದ. ಪಕ್ಕದಲ್ಲಿ ಒಂದೊಂದು ಬಾವುಟ ನೆಟ್ಟ.

ಆಟ ಶುರುವಾಯಿತು. ಚರಿತ್ ಹೊಡೆದ ಚೆಂಡು ಎರಡು ಮಾರು ಉರುಳಿ ಕೂಳೆಯಲ್ಲಿ ಸಿಕ್ಕಿಕೊಂಡಿತು. ಅವನು ಕೋಲು ಬಿಸಾಡಿ, ಚೆಂಡನ್ನು ಎತ್ತಿಕೊಂಡು ಓಡಿ, ಗುಳಿಯೊಳಗೆ ಹಾಕಿ ಎರಡೂ ಕೈ ಮೇಲೆತ್ತಿ ಕುಣಿದ.

"ಮೋಸ! ಅಪ್ಪಾ, ನೋಡು ಇವ್ನು ಮೋಸ!" ಎನ್ನುತ್ತ ಬಿಂದುಶ್ರೀ ನಗಲಾರಂಭಿಸಿದಳು. ನಗುವಾಗ ಅವಳ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. ಇದು ಲಕ್ಷ್ಮೀಕಾಂತನಿಗೆ ಗೊತ್ತೇ ಇರಲಿಲ್ಲ. ಏಳು ವರ್ಷ ಗೊತ್ತಿರಲಿಲ್ಲ. ಛತ್ತೀಸ್‌ಗಢಕ್ಕೆ ಹೋಗಬಾರದು ಎಂದು ವಾರವಿಡೀ ಅಂದುಕೊಂಡಿದ್ದ. ಯಾಕೆ ಹೋಗಬಾರದು ಎಂಬುದು ಈಗ ತಿಳಿಯಿತು.

ಬದುವಿನ ಮೇಲೆ ಯಾರೋ ನಿಂತಿದ್ದರು.

ಪಕ್ಕದ ಹೊಲದ ಮುದ್ದಯ್ಯ. ಬಾವುಟ ನೋಡಿದ, ಸುಣ್ಣ ನೋಡಿದ, ಟೇಪು ನೋಡಿದ, ಕೆಂಪು ಬಿಳಿ ಪಟ್ಟೆಯ ಪೈಪನ್ನು ಬಹಳ ಹೊತ್ತು ನೋಡಿದ. ಹೋದ. ಐದು ನಿಮಿಷಕ್ಕೆ ಇನ್ನೂ ಮೂವರನ್ನು ಕರೆತಂದ. ಅವರೂ ಅದೇ ಸರದಿಯಲ್ಲಿ ನೋಡಿದರು.

ಆ ನೋಟಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ರಸ್ತೆಯಾಚೆ ಹೊಲಗಳಲ್ಲಿ ಹೀಗೇ ಕೆಂಪು ಬಾವುಟ ನೆಟ್ಟು, ಹೀಗೇ ಸುಣ್ಣ ಎಳೆದು, ಪಟ್ಟೆ ಬಳಿದ ಕೋಲು ಹಿಡಿದು ಯಾರೋ ಓಡಾಡಿದ್ದರು. ಈಗ ಅಲ್ಲಿ ಕಾಂಪೌಂಡ್ ಗೋಡೆ, ಗೇಟು, ಗೇಟಿಗೊಬ್ಬ ವಾಚ್‌ಮನ್.

"ಏನಪ್ಪಾ ಲಕ್ಷ್ಮೀಕಾಂತ," ಕೊನೆಗೆ ಮುದ್ದಯ್ಯ ಕೆಮ್ಮಿದ, "ನಮ್ಮೂರ ಹುಡುಗ ನೀನು. ನೀನೇ ಸರ್ವೆ ಮಾಡಕ್ಕೆ ಬಂದ್ರೆ ನಾವ್ ಯಾರ್‌ತಾವ ಹೋಗಾನ?"

"ಸರ್ವೆ ಅಲ್ಲ ಮಾವ. ಆಟ. ಗಾಲ್ಫ್ ಅಂತ. ಮಕ್ಕಳ ಜತೆ ಆಡ್ತಿದೀನಿ."

"ಆಟ," ಎಂದ ಮುದ್ದಯ್ಯ. ಉಳಿದ ಮೂವರ ಕಡೆ ತಿರುಗಿ, "ಆಟವಂತೆ. ಆವಾಗ ಬಂದೋರು ಹಕ್ಕಿ ಎಣಿಸ್ತೀವಿ ಅಂದಿರ್ಲಿಲ್ವಾ?" ಎಂದ. ಮೂವರೂ ತಲೆಯಾಡಿಸಿದರು.

"ದೇವರಾಣೆಗೂ ಆಟ ಮಾವ!"

"ಆಗ್ಲಿ ಬುಡು. ಹೇಳಂಗಿಲ್ಲ ಅಂತ ಆರ್ಡರ್ ಇರ್ತದೆ, ನಂಗೊತ್ತು."

ಸುದ್ದಿ ಊರೊಳಗೆ ಒಲೆಯ ಹೊಗೆಯ ಹಾಗೆ ಮನೆ ಮನೆಗೂ ಹೋಯಿತು. ಒಂಬತ್ತಕ್ಕೆ ಚಿಕ್ಕಗಂಗಮ್ಮ ಬಂದಳು. ಸಂಬಂಧದಲ್ಲಿ ಲಕ್ಷ್ಮೀಕಾಂತನಿಗೆ ದೊಡ್ಡಮ್ಮ. ಅವಳ ಹೊಲ ಇನ್ನೊಂದು ಕಡೆಯ ಬದುವಿಗೆ ಹೊಂದಿಕೊಂಡಿತ್ತು. ಅಲ್ಲಿ ಕಲ್ಲಲ್ಲದೆ ಬೇರೇನೂ ಬೆಳೆದ ದಾಖಲೆಯಿಲ್ಲ; ಕಂಪನಿಯವರು ತಗೊಂಡರೆ ಪರಿಹಾರದ ದುಡ್ಡಾದರೂ ಬಂದೀತು.

"ಏನ್ಲಾ, ದೊಡ್ಡವ್ವ ಅಂತ ಒಬ್ಳವ್ಳೆ ಅನ್ನೋದು ಮರ್ತೇಬುಟ್ಯಾ? ನಂಟರನ್ನ ಬುಟ್ಟು ನಿನ್ ಹೊಲಕ್ಕೆ ಮಾತ್ರ ಬಾವುಟ ನೆಟ್ಕಂಡಿದ್ದೀಯ. ಒಂದ್ ನನ್ ಹೊಲ್ದಾಗೂ ನೆಡ್ಲಾ."

"ದೊಡ್ಡಮ್ಮ, ಇದು ಆಟ."

"ಆಟಾನೇ ಆಡು, ಬ್ಯಾಡ ಅಂದೋರ್ಯಾರು? ನನ್ ಹೊಲ್ದಾಗೆ ಆಡು ಅಂದೆ."

ಲಕ್ಷ್ಮೀಕಾಂತನಿಗೆ ಒಂದು ವಿಚಿತ್ರ ತಿಳಿಯಿತು. ನಿಜ ಹೇಳಿದಷ್ಟೂ ಅವನ ಮೇಲಿನ ಅನುಮಾನ ಬಲವಾಗುತ್ತಿತ್ತು. ಸೋಮವಾರ ಹೇಳಿದ ಒಂದು ಸುಳ್ಳನ್ನು ಮ್ಯಾನೇಜರ್ ಮರುಮಾತಿಲ್ಲದೆ ನಂಬಿದ್ದರು. ಇವತ್ತಿನ ನಿಜಕ್ಕೆ ಇಡೀ ಊರಲ್ಲಿ ಒಬ್ಬ ಗಿರಾಕಿಯಿಲ್ಲ. ಅವನು ಬಾಯಿ ಮುಚ್ಚಿಕೊಂಡ. ಅದನ್ನು ನೋಡಿ ಎಲ್ಲರಿಗೂ ಖಾತ್ರಿಯಾಯಿತು.

ಅಪ್ಪನ ಹತ್ತಿರ ಕೆಲಸ ಆಗದೆಂದು ದೊಡ್ಡವರು ಮಕ್ಕಳನ್ನು ಹಿಡಿದರು. ಮುದ್ದಯ್ಯ ಒಂದು ಎಳನೀರು ಕೆತ್ತಿ ಬಿಂದುಶ್ರೀಗೆ ಕೊಟ್ಟು, "ಪುಟ್ಟಮ್ಮಾ, ಆ ಬಾವುಟ ನಮ್ ಬದುಗೆ ಭಾಳ ಹತ್ರ ಐತೆ. ಒಂಚೂರು ಆಚೆ ನೆಡವ್ವ," ಎಂದ. ಅವಳು ಹೀರುತ್ತಲೇ ಕಿತ್ತು ಆಚೆ ನೆಟ್ಟಳು. ಚಿಕ್ಕಗಂಗಮ್ಮ ಸೆರಗಿನ ಗಂಟಿನಿಂದ ಕಡ್ಲೆಮಿಠಾಯಿ ತೆಗೆದು ಚರಿತ್‌ಗೆ ಕೊಟ್ಟಳು. ಅವನು ಅದೇ ಬಾವುಟವನ್ನು ಅವಳ ಹೊಲದ ಬಂಡೆಗಳ ನಡುವೆ ಊರಿ ಬಂದ. ಆಮೇಲೆ ಚಕ್ಕುಲಿ ಬಂತು. ಬಾಳೆಹಣ್ಣು ಬಂತು. ಹತ್ತೂವರೆಯ ಹೊತ್ತಿಗೆ ಮೂರು ಬಾವುಟಗಳೂ ಸಂತೆಯಲ್ಲಿ ಹಗ್ಗ ಬಿಚ್ಚಿಕೊಂಡ ಕುರಿಗಳಂತೆ ಹೊಲದಿಂದ ಹೊಲಕ್ಕೆ ಅಲೆಯುತ್ತಿದ್ದವು. ಗುಳಿಯ ಹತ್ತಿರ ಒಂದೂ ಇರಲಿಲ್ಲ.

"ಅಪ್ಪಾ, ಗಾಲ್ಫ್ ಸೂಪರ್ ಆಟ. ದಿನಾ ಆಡಣ," ಎಂದ ಚರಿತ್, ಬಾಯಿ ತುಂಬ ಚಕ್ಕುಲಿ ಇಟ್ಟುಕೊಂಡು.

ಬದುವಿನ ಮೇಲೆ ಈಗ ಐವತ್ತು ಜನ. 'ಬಾವುಟ ಬೇಡ' ಎನ್ನುವವರು ಒಂದು ಕಡೆ, 'ನಮಗೂ ಇರಲಿ' ಎನ್ನುವವರು ಇನ್ನೊಂದು ಕಡೆ. ರಿಟೈರ್ಡ್ ಮೇಷ್ಟ್ರು ರೇವಣಸಿದ್ದಯ್ಯ ನಡುವೆ ಕೂತು ಎರಡೂ ಕಡೆಯವರಿಗೆ ಒಂದೊಂದು ಅರ್ಜಿ ಬರೆಯುತ್ತಿದ್ದರು. ಸರಿಯಾಗಿ ಹನ್ನೊಂದಕ್ಕೆ ಮಣ್ಣುದಾರಿಯಲ್ಲಿ ಬಿಳಿ ಕಾರು ಬಂತು. ಸುದರ್ಶನ್ ಇಳಿದರು. ತಲೆಗೆ ಬಿಳಿ ಟೋಪಿ, ಕಪ್ಪು ಕನ್ನಡಕ, ಹೆಗಲಿಗೆ ಉದ್ದನೆಯ ಚರ್ಮದ ಚೀಲ.

"ದೊಡ್ ಸಾಹೇಬ್ರು ಬಂದ್ರು! ಮಿಷಿನ್ ತಂದವ್ರೆ!"

ಐವತ್ತೂ ಜನ ಕಾರಿಗೆ ಮುತ್ತಿಗೆ ಹಾಕಿದರು. "ನಮ್ ಹೊಲ ಮುಟ್ಟಂಗಿಲ್ಲ!" ಎಂದು ಮುದ್ದಯ್ಯ ಅರಚಿದ. "ನಂದ್ ತಕಳಿ ಸಾಮಿ!" ಎಂದು ಚಿಕ್ಕಗಂಗಮ್ಮ ಅವನಿಗಿಂತ ಜೋರಾಗಿ ಅರಚಿದಳು. ಯಾರೋ ಕಾರಿನ ಮುಂದೆ ಕಲ್ಲು ಜೋಡಿಸಿದರು. ರೇವಣಸಿದ್ದಯ್ಯ ಎರಡೂ ಅರ್ಜಿಗಳನ್ನು ಒಟ್ಟಿಗೆ ಓದಲಾರಂಭಿಸಿದರು. ಸುದರ್ಶನ್ ಕನ್ನಡಕ ತೆಗೆದು ಲಕ್ಷ್ಮೀಕಾಂತನನ್ನು ಹುಡುಕಿದರು. ಅವರ ಮುಖ ಸುಣ್ಣದ ಪುಡಿಗಿಂತ ಬೆಳ್ಳಗಿತ್ತು.

ಮುಗಿಯಿತು, ನಾಳೆ ಬೆಳಿಗ್ಗೆಯೇ ಛತ್ತೀಸ್‌ಗಢ ಎಂದುಕೊಂಡ ಲಕ್ಷ್ಮೀಕಾಂತ. ಹಾಗೆಂದುಕೊಂಡ ಗಳಿಗೆಯಲ್ಲೇ ಎಲ್ಲಿಂದಲೋ ಧೈರ್ಯ ಬಂತು. ಬದು ಹತ್ತಿ ಪಟ್ಟೆ ಪೈಪನ್ನು ಮೇಲೆತ್ತಿದ.

"ಯಾರೂ ನನ್ನ ನಂಬಬೇಡಿ! ಈ ಸಾಹೇಬ್ರು ಒಂದು ಏಟು ಹೊಡೀತಾರೆ, ಕಣ್ಣಾರೆ ನೋಡಿ. ಆಮೇಲೆ ನೀವೇ ಹೇಳಿ, ಇದು ಸರ್ವೆನೋ ಆಟನೋ ಅಂತ."

ಜನ ದಾರಿ ಬಿಟ್ಟರು. ಸುದರ್ಶನ್ ಚೀಲದಿಂದ ಫಳಫಳಿಸುವ ಕೋಲು ತೆಗೆದು, ಚೆಂಡಿನ ಮುಂದೆ ನಿಂತು, ಕ್ಯಾಲೆಂಡರಿನವನ ಹಾಗೆಯೇ ಎತ್ತಿ ಬೀಸಿದರು. ಚೆಂಡು ಅಲ್ಲೇ ಇತ್ತು. ಮತ್ತೆ ಬೀಸಿದರು. ಒಂದು ಹೆಂಟೆ ಎದ್ದು ರೇವಣಸಿದ್ದಯ್ಯನವರ ಅರ್ಜಿಯ ಮೇಲೆ ಬಿತ್ತು. ಮೂರನೆಯ ಸಲ ಕೋಲೇ ಕೈ ಜಾರಿ ಹೋಯಿತು. ಚೆಂಡು ಮಾತ್ರ ಅಲ್ಲೇ.

ಮುದ್ದಯ್ಯ ನಿಧಾನವಾಗಿ ಟವೆಲ್ ಕೊಡವಿದ.

"ಇಲ್ಲ ಕಣ್ರಲಾ. ಇಷ್ಟು ಗುರಿ ಇಲ್ದೋನ್ ಕೈಲಿ ನೆಲ ಅಳ್ಯಕ್ಕಾಯ್ತದಾ? ಆಟಾನೇ ಇರಬೇಕು ಬುಡ್ರಿ."

ಎಲ್ಲರೂ ಒಟ್ಟಿಗೆ ನಕ್ಕರು. ಆಮೇಲೆ ತಡೆಯುವವರಿರಲಿಲ್ಲ. ಬಿಂದುಶ್ರೀ ಬಾವುಟಗಳನ್ನು ತಂದು ಗುಳಿಗಳ ಪಕ್ಕ ನೆಟ್ಟಳು. "ಲೈನಲ್ಲಿ ಬರ್ರಿ, ಒಬ್ಬೊಬ್ಬರಿಗೆ ಒಂದೇ ಛಾನ್ಸು!" ಎಂದು ಕೂಗಿದಳು. ಐವತ್ತು ಜನ ರೇಷನ್ ಅಂಗಡಿಯಲ್ಲಿ ನಿಂತ ಹಾಗೆ ಸಾಲು ನಿಂತರು. ಮುದ್ದಯ್ಯ ಹೊಡೆದದ್ದು ಕಾರಿನ ಚಕ್ರಕ್ಕೆ ಬಡಿಯಿತು. ಚಿಕ್ಕಗಂಗಮ್ಮ ಸೆರಗು ಸಿಕ್ಕಿಸಿಕೊಂಡು, ಕಸ ಗುಡಿಸುವ ಹಾಗೆ ಒಮ್ಮೆ ಸವರಿದಳು. ಚೆಂಡು ಕೂಳೆಯ ಸಂದಿಯಲ್ಲಿ ಹರಿದು ಸೀದಾ ಗುಳಿಗೆ ಬಿತ್ತು. "ಇಷ್ಟೇಯಾ?" ಎಂದಳು.

ಸುದರ್ಶನ್ ಲಕ್ಷ್ಮೀಕಾಂತನನ್ನು ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋದರು.

"ಒಂದು ಮಾತು. ಹೊರಗೆ ಹೋಗಬಾರದು. ನಾನು ಗಾಲ್ಫ್ ಆಡಿರೋದು ಇವತ್ತೇ ಮೊದಲು. ಬರೋ ತಿಂಗಳು ಎಂ.ಡಿ. ಬರ್ತಾರೆ, ಅವರಿಗೆ ಗಾಲ್ಫ್ ಹುಚ್ಚು. ನಾನೂ ಆಡ್ತೀನಿ ಅಂತ ಹೇಳ್ಬಿಟ್ಟಿದೀನಿ. ಆ ಕ್ಯಾಲೆಂಡರೂ ಅವರೇ ಕಳ್ಸಿದ್ದು. ನೀವು ಆಡ್ತೀವಿ ಅಂದ್ರಲ್ಲ, ಕಲಿಯೋಣ ಅಂತ ಬಂದೆ."

"ನಾನೂ ಇವತ್ತೇ ಸಾರ್ ಮೊದಲು," ಎಂಬ ಮಾತು ಲಕ್ಷ್ಮೀಕಾಂತನ ಬಾಯಿಯ ತನಕ ಬಂದು ನಿಂತಿತು. ಅದನ್ನು ನುಂಗಿ ಅವನು ಬೇರೆ ಮಾತು ತೆಗೆದ.

"ಸಾರ್... ಆ ಲಿಸ್ಟು?"

"ಬೆಳಿಗ್ಗೆ ಗೋವಿಂದರಾಜು ಹೆಸರು ಬರೆದಿಟ್ಟೇ ಬಂದಿದ್ದೆ."

ಲಕ್ಷ್ಮೀಕಾಂತನಿಗೆ ಅಲ್ಲೇ ಕೂತುಬಿಡಬೇಕು ಎನಿಸಿತು. ಅಷ್ಟು ಹಗುರ.

"ಆದರೆ ಬಂದದ್ದು ಒಳ್ಳೇದೇ ಆಯ್ತು," ಎಂದರು ಸುದರ್ಶನ್. "ಛತ್ತೀಸ್‌ಗಢದಲ್ಲಿ ಏನಾಗಿದೆ ಗೊತ್ತಾ? ಜಮೀನಿನ ಗಲಾಟೆ. ಊರೋರು ಎಂಟು ತಿಂಗಳಿಂದ ದಾರಿಗೆ ಅಡ್ಡ ಕೂತಿದಾರೆ. ಇಬ್ಬರು ಲಾಯರು ಹೋದರು, ಒಬ್ಬ ಜನರಲ್ ಮ್ಯಾನೇಜರ್ ಹೋದ. ಹತ್ತು ಜನರನ್ನ ಮಾತಿಗೆ ಕರೆಯೋಕಾಗ್ಲಿಲ್ಲ. ನೀವು ಒಂದು ಗಂಟೇಲಿ ಕಲ್ಲು ಹಿಡಿದ ಕೈಗೆ ಕೋಲು ಕೊಟ್ಟು ಸಾಲು ನಿಲ್ಸಿದ್ರಲ್ರೀ! ಗೋವಿಂದರಾಜು ಕೈಲಿ ಆಗುತ್ತಾ ಇದು? ಈಗಲೇ ಮೇಲ್ ಹಾಕ್ತೀನಿ. ಗುರುವಾರ ಹೊರಡಿ."

"ಸಾರ್, ಮಕ್ಕಳು... ಭಾನುವಾರ..."

ಸುದರ್ಶನ್ ಅವನ ಹೆಗಲ ಮೇಲೆ ಕೈಯಿಟ್ಟರು. ಆ ಕೈಯಲ್ಲಿ ನಿಜವಾದ ಕರುಣೆ ಇತ್ತು. "ನನಗರ್ಥವಾಗುತ್ತೆ. ನೀವು ಒಂಚೂರೂ ಚಿಂತೆ ಮಾಡಬೇಡಿ. ಎರಡು ವರ್ಷವೂ ಒಂದು ಭಾನುವಾರ ತಪ್ಪದ ಹಾಗೆ ನಾನೇ ಬಂದು ಅವರ ಜತೆ ಆಡ್ತೀನಿ."

ಮಕ್ಕಳಿಬ್ಬರೂ ಅಲ್ಲಿಗೇ ಓಡಿಬಂದಿದ್ದರು. ಕೊನೆಯ ಮಾತು ಅವರ ಕಿವಿಗೆ ಬಿತ್ತು.

"ಪ್ರಾಮಿಸ್ಸಾ ಅಂಕಲ್?" ಎಂದು ಚರಿತ್ ಎರಡು ಕಾಲಲ್ಲೂ ನೆಗೆದ. "ಬರುವಾಗ ಐಸ್‌ಕ್ರೀಮ್ ತರ್ತೀರಾ?"

"ತರ್ತೀನಿ."

"ಹಂಗಾದ್ರೆ ಅಪ್ಪಾ, ನೀನು ಹೋಗ್ಬಿಟ್ಟು ಬಾ," ಎಂದಳು ಬಿಂದುಶ್ರೀ. ಕಣ್ಣು ಪೂರ್ತಿ ಮುಚ್ಚಿ ನಕ್ಕಳು.